ಮಳೆಗೆ ಮೊದಲು ಮರಗೆಲಸದ ಶೆಡ್

ಸಾಗರದಿಂದ ಎಲ್ಲರಿಗೂ ನಮಸ್ಕಾರ. ಹಿತ್ತಿಲಲ್ಲಿ ಹೊಸ ಹಂಚಿನ ಮಾಡು ಕಾಣುತ್ತಿದೆಯಲ್ಲ, ಅದೇ ನನ್ನ ಮರಗೆಲಸದ ಶೆಡ್. 10 ಅಡಿ ಅಗಲ, 16 ಅಡಿ ಉದ್ದ. ಯಾವ ಮಿಷಿನ್ ತಗೊಂಡಿರಿ ಅಂತ ಕೇಳುವವರೇ ಜಾಸ್ತಿ. ಮಿಷಿನ್ ವಿಷಯ ಕೊನೆಗೆ ಹೇಳುತ್ತೇನೆ, ಅದೂ ಚುಟುಕಾಗಿ. ಮಲೆನಾಡಿನಲ್ಲಿ ಮರಗೆಲಸಕ್ಕೆ ಜಾಗ ಮಾಡುವುದೆಂದರೆ ಮೊದಲು ಮಳೆಯ ಲೆಕ್ಕ, ಆಮೇಲೆ ಉಳಿದದ್ದೆಲ್ಲ.

ಹಲಸಿನ ಮರದ ನೆರಳಲ್ಲಿ ಕಟ್ಟಬೇಕು ಅಂತ ನನ್ನ ಆಸೆ ಇತ್ತು. "ಕಟ್ಟು ಮಾರಾಯ, ಮೇ ತಿಂಗಳಲ್ಲಿ ಹಣ್ಣು ಬಿದ್ದಾಗ ಒಡೆದ ಹಂಚು ಎಣಿಸ್ತಾ ಕೂರು" ಅಂದರು ಅಮ್ಮ. ಕೊನೆಗೆ ಸಿಕ್ಕಿದ್ದು ಅವರು ಬಟ್ಟೆ ಒಣಗಿಸುತ್ತಿದ್ದ ಜಾಗ. ಅದಕ್ಕೆ ಬದಲಾಗಿ ಶೆಡ್ಡಿನ ಮುಂದೆ ತಂತಿ ಕಟ್ಟಿಕೊಡಬೇಕು ಅಂತ ಒಪ್ಪಂದ ಆಗಿದೆ.

ತಳಪಾಯ ಜಂಬಿಟ್ಟಿಗೆಯದು, ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರ. ಕಂಬಗಳನ್ನು ಮಣ್ಣಿನಲ್ಲಿ ಹೂಳಿಲ್ಲ, ಕಲ್ಲಿನ ಮೇಲೆ ಕೂರಿಸಿದ್ದೇವೆ. ನಮ್ಮ ಕಡೆ ಗೆದ್ದಲು ಸುಮ್ನೆ ಬಿಡುವ ಜಾತಿ ಅಲ್ಲ. ಗೋಡೆಗೆ ಒರಗಿಸಿ ಹೊರಗಡೆ ಏನನ್ನೂ ಇಡುವುದಿಲ್ಲ. ತಳಪಾಯದ ಸುತ್ತ ಖಾಲಿ ಇದ್ದರೆ ಗೆದ್ದಲು ಮೇಲೆ ಹತ್ತುವಾಗ ಕಟ್ಟುವ ಮಣ್ಣಿನ ಗೆರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಮಾಡಿಗೆ ತಗಡು ಹಾಕಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು, ನಿಜ. ಆದರೆ ಚಳಿಗಾಲದ ಬೆಳಗ್ಗೆ ತಗಡಿನ ಒಳಮೈ ಬೆವರುತ್ತದೆ. ಆ ಹನಿ ನೇರ ಉಳಿ, ಮರ ಹೆರೆದು ನಯ ಮಾಡುವ ಹತ್ತರಿ ಮೇಲೆ ಬೀಳುತ್ತದೆ. ಜುಲೈ ತಿಂಗಳಲ್ಲಂತೂ ಆ ಸದ್ದಿನ ಕೆಳಗೆ ಮಾತೇ ಕೇಳಿಸುವುದಿಲ್ಲ. ಹಾಗಾಗಿ ಹಳೆಯ ಮಂಗಳೂರು ಹಂಚು ಹಾಕಿದೆವು. ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಇವತ್ತಿಗೂ ಈ ಮಳೆಗೆ ಸರಿಹೊಂದುತ್ತದೆ. ಮಾಡಿನ ಇಳಿಜಾರಿಗೆ ಹಾಕುವ ಪಕಾಸು ಅಕೇಶಿಯಾದ್ದು, ಅದರ ಮೇಲೆ ಅಡ್ಡ ಹೊಡೆಯುವ ರೀಪಿನ ಬದಲು ಸೀಳಿದ ಅಡಿಕೆ ಮರದ ದಬ್ಬೆ. ಸೂರನ್ನು 3 ಅಡಿ ಹೊರಗೆ ಚಾಚಿದ್ದೇವೆ. ಮಳೆಗಾಳಿ ಬೀಸುವುದು ಪಶ್ಚಿಮದಿಂದ, ಆದ್ದರಿಂದ ಆ ಗೋಡೆಗೆ ಕಿಟಕಿಯೇ ಇಲ್ಲ.

ಬೆಳಕಿಗೆ ಮೇಲೆ ನಾಲ್ಕು ಗಾಜಿನ ಹಂಚು, ಉತ್ತರದ ಗೋಡೆಗೆ ಉದ್ದನೆಯ ಕಿಟಕಿ. ಉತ್ತರದ ಕಿಟಕಿಯಿಂದ ಬಿಸಿಲೇ ಬರುವುದಿಲ್ಲ ಅಂತ ಹೊರದೇಶದವರ ವಿಡಿಯೋಗಳಲ್ಲಿ ಹೇಳುತ್ತಾರೆ. ಅದು ಅವರ ಊರಿನ ಲೆಕ್ಕ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ತಲೆಗಿಂತ ಉತ್ತರಕ್ಕೇ ಇರುತ್ತಾನೆ. ಚಾಚಿದ ಸೂರು ಇರುವುದರಿಂದ ಆ ಬಿಸಿಲು ಬೆಂಚಿನವರೆಗೆ ಬರುವುದಿಲ್ಲ.

ಈಗ ಬೆಂಚು. ಕ್ಯಾಮೆರಾ ಹತ್ತಿರ ತರುತ್ತೇನೆ ನೋಡಿ. ಮೇಲಿನ ಹಲಗೆ ಹಲಸಿನದು, 3 ಇಂಚು ದಪ್ಪ. ಈಗ ಅರಿಶಿನ ಬಣ್ಣ ಇದೆ, ಬೆಳಕಿಗೆ ಬಿದ್ದು ಬಿದ್ದು ಕಂದಾಗುತ್ತದೆ. ಇದು ನಮ್ಮ ಮರದ್ದಲ್ಲ, ಸಾಮಿಲ್‌ನಲ್ಲಿ ಮೊದಲೇ ಸೀಳಿಸಿ ಒಣಗಲು ಬಿಟ್ಟಿದ್ದು. ಗಾಳಿಯಲ್ಲೇ ಒಣಗಬೇಕೆಂದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಅಂದಾಜು. ಹಲಗೆಗಳ ನಡುವೆ ಒಂದೇ ದಪ್ಪದ ರೀಪು ತುಂಡು ಇಟ್ಟು ಪೇರಿಸಬೇಕು, ಎರಡೂ ತುದಿಗೆ ಬಣ್ಣ ಬಳಿಯಬೇಕು. ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ, ಹಲಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಒಣಗಿದ ಮೇಲೂ ಮರ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಮನೆಬಾಗಿಲು ಬಿಗಿಯಾಗುತ್ತದಲ್ಲ, ಅದೇ ಕಾರಣ. ತೇವ ಹೀರಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬೆಂಚಿನ ಕೆಳಗೆ ಬಗ್ಗಿ ನೋಡಿದರೆ ಸ್ಕ್ರೂ ತೂತು ದುಂಡಗಿಲ್ಲ, ಅಡ್ಡಕ್ಕೆ ಉದ್ದವಾಗಿದೆ. ಹಲಗೆ ಅತ್ತಿತ್ತ ಸರಿಯಲಿ ಅಂತ ನಮ್ಮ ಬಡಗಿ ಆಚಾರ್ರು ಹಾಗೆ ಮಾಡಿಸಿದ್ದು. "ಬಿಗಿದು ಕಟ್ಟಿದ್ರೆ ಒಡೀತದೆ, ಬಿಟ್ಟು ಕಟ್ಟಿ" ಅಂದರು. ಎತ್ತರಕ್ಕೂ ಅವರದೇ ಅಳತೆ. ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲಿ, ಮಣಿಕಟ್ಟಿನ ಗೆರೆ ಇರುವಲ್ಲಿಗೆ ಬೆಂಚು. ಹತ್ತರಿ ಹೊಡೆಯುವಾಗ ತೋಳಿನ ಜೊತೆ ಮೈಭಾರವೂ ಕೆಲಸ ಮಾಡುತ್ತದೆ.

ಮರದ ವಿಷಯದಲ್ಲಿ ಇನ್ನೊಂದು ಮಾತು. ತೇಗ, ಬೀಟೆ, ಶ್ರೀಗಂಧ ನಿಮ್ಮದೇ ಹಿತ್ತಿಲಲ್ಲಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ಸಿಲ್ವರ್ ಓಕ್ ಕಡಿಯಲು ಅನುಮತಿಯ ತಾಪತ್ರಯ ಇಲ್ಲ, ಕಲಿಯುವವರಿಗೆ ಕೈಗೂ ಹಗುರ.

ಕರೆಂಟಿಗೆ ಮನೆಯಿಂದ ಬೇರೆಯೇ ಲೈನ್ ಎಳೆಸಿದ್ದೇನೆ. ಒಳ್ಳೆಯ ಅರ್ಥಿಂಗ್, ಜೊತೆಗೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಒದ್ದೆ ನೆಲದ ಮೇಲೆ ನಿಂತು ಮಿಷಿನ್ ಹಿಡಿಯುವ ಊರಿದು, ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಉಳಿ, ಹತ್ತರಿ ಅಲಗುಗಳಿಗೆ ಕೆಲಸ ಮುಗಿದ ಮೇಲೆ ತೆಳ್ಳಗೆ ಮಿಷಿನ್ ಎಣ್ಣೆ ಒರೆಸುತ್ತೇನೆ. ಅವುಗಳ ಕಪಾಟಿನೊಳಗೆ ಹಳೇ ಕಾಲದ ಬಿಸಿಯಾಗುವ ಸಣ್ಣ ಬಲ್ಬು ಹಾಕಿದ್ದೇನೆ. ಎಲ್‌ಇಡಿ ಹಾಕಿದರೆ ಬೆಳಕು ಸಿಗುತ್ತದೆ, ಆದರೆ ನಮಗೆ ಬೇಕಾದ ಬಿಸಿ ಇರುವುದಿಲ್ಲ. ಆಷಾಢದಲ್ಲಿ ಆ ಬಿಸಿಯೇ ತುಕ್ಕನ್ನು ದೂರ ಇಡುತ್ತದೆ.

ಮಿಷಿನ್ ಅಂದರೆ ಸದ್ಯಕ್ಕೆ ಒಂದು ಡ್ರಿಲ್, ಒಂದು ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಗರಗಸ. ಅಷ್ಟೇ. ಟೇಬಲ್ ಗರಗಸಕ್ಕೆ ಜಾಗ ಬಿಟ್ಟಿದ್ದೇನೆ, ಆತುರ ಇಲ್ಲ. ಮಾಸ್ಕ್ ಮಾತ್ರ ಮೊದಲ ದಿನದಿಂದಲೇ ಇದೆ. ಮರದ ಧೂಳು ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ. ಬಟ್ಟೆ ಸುತ್ತಿಕೊಂಡರೆ ಸಾಲದು, ಎನ್95 ಬೇಕು. ಗುಡಿಸಿದ ಹೊಟ್ಟು ಬಚ್ಚಲೊಲೆಗೆ ಹೋಗುತ್ತದೆ. ಪ್ಲೈವುಡ್ ಹೊಟ್ಟನ್ನು ಮಾತ್ರ ಉರಿಸಬೇಡಿ, ಅದರಲ್ಲಿ ಅಂಟು ಇರುತ್ತದೆ.

ಇನ್ನು ಬಾಕಿ ಇರುವುದು ಬೆಂಚಿಗೆ ವೈಸ್, ಅಂದರೆ ಮರವನ್ನು ಬಿಗಿಯಾಗಿ ಹಿಡಿದಿಡುವ ಇಕ್ಕಳ, ಕೂರಿಸುವುದು. ಬಲಗೈಯವರಿಗೆ ಬೆಂಚಿನ ಎಡತುದಿಯೇ ಅನುಕೂಲ, ಆದರೆ ನನ್ನ ಎಡತುದಿಯಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ಬಾಗಿಲಿನ ಕೀಲು ಬದಲಿಸುವುದೋ, ಬೆಂಚು ಸರಿಸುವುದೋ ಆಚಾರ್ರು ಭಾನುವಾರ ಬಂದು ನೋಡುತ್ತಾರೆ. ಅದನ್ನು ಮುಂದಿನ ವಿಡಿಯೋದಲ್ಲಿ ಹಾಕುತ್ತೇನೆ.