ರಾಜಂ ಹೋದ ರೈಲು

ಕೇಳುಗರೆಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ. ಮಕ್ಕಳ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತಾ ರೇಡಿಯೋ ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನನ್ನ ಮಾತು ನಿಮ್ಮ ಜೊತೆ. ಹೇಳುವುದು ಒಂದೇ ವಿಷಯ. ಸ್ನೇಹಿತ ಊರು ಬಿಟ್ಟು ಹೋಗುವುದು ಮಗುವಿಗೆ ಸಣ್ಣ ವಿಷಯ ಅಲ್ಲ.

ಮೇಷ್ಟ್ರಾಗಿದ್ದ ನನಗೆ ಇದನ್ನು ಕಲಿಸಿದ್ದು ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’. 1935ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಕಾದಂಬರಿ. ಅಲ್ಲಿದ್ದ ಗೆಳೆಯರೊಬ್ಬರು ಹಸ್ತಪ್ರತಿಯನ್ನು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಮುಟ್ಟಿಸಿದ್ದರಿಂದ ಅದು ಬೆಳಕು ಕಂಡಿತು.

ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಈ ಕಥೆ ನೋಡಿದವರು ‘ಗೊತ್ತು ಬಿಡಿ, ತುಂಟ ಹುಡುಗರ ಕಥೆ’ ಅನ್ನುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಪುಸ್ತಕ ಓದಿ. ಪೊಲೀಸ್ ಸೂಪರಿಂಟೆಂಡೆಂಟರ ಮಗ ರಾಜಂ ಶಾಲೆಗೆ ಬರುತ್ತಾನೆ. ಸ್ವಾಮಿ ಅವನಿಗೆ ಹತ್ತಿರವಾದ ಅಂತ ಹಳೇ ಗೆಳೆಯರು ‘ರಾಜಂನ ಬಾಲ’ ಅಂತ ಹೆಸರಿಟ್ಟು ಮಾತು ಬಿಡುತ್ತಾರೆ. ಮನೆಯಲ್ಲಿ ತಮ್ಮ ಹುಟ್ಟುತ್ತಾನೆ. ಗೆಳೆಯ ಸೋಮು ಫೇಲಾಗುತ್ತಾನೆ. ಇನ್ನೊಬ್ಬ ಗೆಳೆಯ ಶಂಕರನ ಅಪ್ಪನಿಗೆ ವರ್ಗವಾಗುತ್ತದೆ. ಆಮೇಲೆ ಸ್ವಾಮಿಯ ಶಾಲೆಯೇ ಬದಲು. ಇಷ್ಟೂ ಒಬ್ಬ ಪುಟ್ಟ ಹುಡುಗನ ಮೇಲೆ!

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ದಸರಾ ರಜೆ ಮುಗಿಯುವಷ್ಟರಲ್ಲಿ ಅವನ ಪಕ್ಕ ಕೂರುತ್ತಿದ್ದವನ ಅಪ್ಪನಿಗೆ ವರ್ಗವಾಗಿತ್ತು. ಇವನು ಆ ಜಾಗದಲ್ಲಿ ತನ್ನ ಬ್ಯಾಗು ಇಟ್ಟ. ಯಾರನ್ನೂ ಕೂರಲು ಬಿಡಲಿಲ್ಲ. ‘ಬೇರೆ ಸ್ನೇಹಿತ ಸಿಗ್ತಾನೆ ಬಿಡೋ’ ಅಂದೆ. ಅವನು ತಲೆ ಎತ್ತಲಿಲ್ಲ. ಹಾಗೆ ಹೇಳಬಾರದಿತ್ತು.

ಒಂದು ಶನಿವಾರ ಈ ಪುಸ್ತಕದ ಕೊನೆಯ ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕ್ರಿಕೆಟ್ ಮ್ಯಾಚಿನ ದಿನ ಸ್ವಾಮಿ ಊರಲ್ಲೇ ಇರಲಿಲ್ಲ ಅಂತ ರಾಜಂಗೆ ಕೋಪ. ಈಗ ರಾಜಂ ಊರು ಬಿಡುತ್ತಿದ್ದಾನೆ. ಬೆಳಗಿನ ರೈಲು. ಸ್ವಾಮಿ ಕೈಯಲ್ಲಿ ಉಡುಗೊರೆಯ ಪುಸ್ತಕ. ಕೊಡಲು ಧೈರ್ಯ ಇಲ್ಲ, ಮಾತು ಹೊರಡುತ್ತಿಲ್ಲ. ರೈಲು ಹೊರಟೇಬಿಡುತ್ತದೆ. ಜೊತೆಗಿದ್ದ ಗೆಳೆಯ ಮಣಿ ಕೂಗುತ್ತಾನೆ. ಹೇಗೋ ಪುಸ್ತಕ ರಾಜಂ ಕೈ ಸೇರುತ್ತದೆ. ರೈಲು ಹೊರಡುವ ಮುಂಚೆ ಅವನು ಏನೋ ಹೇಳಲು ಬಾಯಿ ತೆರೆದಿದ್ದ, ಆ ಮಾತು ಹೊರಬರಲೇ ಇಲ್ಲ.

‘ಆಮೇಲೆ ಕಾಗದ ಬರೆದ್ನಾ ಸಾರ್?’ ಹುಡುಗ ಕೇಳಿದ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಪ್ರಶ್ನೆ. ‘ಪುಸ್ತಕದಲ್ಲಿ ಹೇಳಿಲ್ಲ ಕಣೋ’ ಅಂದೆ. ಸಂಜೆ ಸ್ಟಾಫ್‌ರೂಮಿನ ಬಾಗಿಲಲ್ಲಿ ಬಂದು ನಿಂತ. ವಿಳಾಸ ಬೇಕಂತೆ. ಆಫೀಸಿನಲ್ಲಿ ಹುಡುಕಿ ಕೊಟ್ಟೆ, ಇನ್‌ಲ್ಯಾಂಡ್ ಲೆಟರ್ ತಂದುಕೊಟ್ಟೆ. ನಾಲ್ಕೇ ಸಾಲು ಬರೆದ. ಒಂದು ಸಾಲು ನನಗೆ ನೆನಪಿದೆ: ‘ನಿನ್ನ ನೀಲಿ ಗೋಲಿ ನನ್ನ ಹತ್ತಿರವೇ ಇದೆ, ಆಡಿಲ್ಲ.’ ಉತ್ತರ ಬರಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಬ್ಯಾಗು ಅಲ್ಲೇ ಇತ್ತು. ಈ ಸಲ ನಾನು ಏನೂ ಅನ್ನಲಿಲ್ಲ.

ತಮ್ಮ ಹುಟ್ಟಿದಾಗ ಸ್ವಾಮಿಗೆ ಏನನಿಸಿತು ಅಂತಲೂ ಹೇಳಬೇಕಿತ್ತು. ಸಮಯ ಮುಗಿಯುತ್ತಾ ಬಂತು. ಅದನ್ನು ನೀವೇ ಓದಿಕೊಳ್ಳಿ. ‘ಮಗುವಿಗೆ ಇಂಗ್ಲಿಷ್ ಬರಲ್ಲ’ ಅನ್ನಬೇಡಿ, ನಿಮ್ಮ ಮಾತಿನಲ್ಲಿ ಹೇಳಿ. ‘ಟೈಮಿಲ್ಲ’ ಅಂತಲೂ ಅನ್ನಬೇಡಿ, ದಿನಕ್ಕೆ ನಾಲ್ಕು ಪುಟ ಸಾಕು. ಮಗು ಸುಮ್ನೆ ಕೂತಿದ್ದರೆ ಕೂರಲಿ. ಗೆಳೆಯ ಹೋಗಿದ್ದಾನೆ, ಸಣ್ಣ ವಿಷಯ ಅಲ್ಲ.

ನಾಳೆ ಸೋಮವಾರ. ಈ ಕಾದಂಬರಿ ಶುರುವಾಗುವುದೂ ಸೋಮವಾರ ಬೆಳಗ್ಗೆಯೇ. ಸ್ವಾಮಿಗೆ ಕಣ್ಣು ಬಿಡಲು ಮನಸ್ಸಿಲ್ಲ. ಮೊದಲ ಪುಟ ಇವತ್ತು ರಾತ್ರಿಯೇ ಓದಿ ಹೇಳಿ. ನಮಸ್ಕಾರ.