ಹೊಲದ ನಡುವಿನ ಉದ್ಯಾನಕ್ಕೆ ಯಾರು, ಯಾವಾಗ ಬರುತ್ತಾರೆ?

ಕೇಳುಗರೇ, ನಮಸ್ಕಾರ.

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೆದ್ದಾರಿ ಹಿಡಿದು 35 ಕಿಲೋಮೀಟರಿನ ಆಸುಪಾಸು ಬಂದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಸಿಗುತ್ತದೆ. ಸುತ್ತ ಗೋವಿನಜೋಳ, ಹತ್ತಿ, ಶೇಂಗಾದ ಹೊಲಗಳು. ಇವುಗಳ ನಡುವೆ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. 2020ರಲ್ಲಿ ತೀರಿಕೊಂಡ ಸೊಲಬಕ್ಕನವರು ಚಿತ್ರ, ಶಿಲ್ಪಗಳ ಜೊತೆಗೆ ಉತ್ತರ ಕರ್ನಾಟಕದ ಬಯಲು ನಾಟಕವಾದ ದೊಡ್ಡಾಟವನ್ನೂ ಆಡಿಸಿದವರು. ಅದಕ್ಕೇ ಇರಬೇಕು, ಹಳ್ಳಿಯ ಬದುಕನ್ನು ತೋರಿಸುವ ಇಲ್ಲಿನ ಆಳೆತ್ತರದ ಸಿಮೆಂಟು ಮೂರ್ತಿಗಳು ಪ್ರದರ್ಶನಕ್ಕಿಟ್ಟ ಹಾಗೆ ಕಾಣುವುದಿಲ್ಲ, ರಂಗದ ಮೇಲೆ ನಿಂತ ಹಾಗೆ ಕಾಣುತ್ತವೆ. ಇದೇ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವೂ ಇದೆ.

ಊರಾಚೆ ಇರುವ ಇಂಥ ಉದ್ಯಾನಕ್ಕೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎನ್ನುವುದು ಇವತ್ತಿನ ಮಾತು. ಮೂರ್ತಿಗಳು ವರ್ಷಪೂರ್ತಿ ಅವೇ ಇರುತ್ತವೆ. ಜಾಗದ ಕಳೆ ಮಾತ್ರ ಬಂದ ಜನರ ಮೇಲೆ ಬದಲಾಗುತ್ತದೆ.

ಹಳ್ಳಿಯ ಜನ ಬರುವುದು ಒಕ್ಕಲುತನದ ಲೆಕ್ಕದಲ್ಲಿ. ಮುಂಗಾರು ಬಿತ್ತನೆ, ಎಡೆ ಹೊಡೆಯುವ ದಿನಗಳಲ್ಲಿ ಅವರಿಗೆ ಪುರುಸೊತ್ತಿಲ್ಲ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರಲ್ಲ, ಉಂಡಿ ತಿಂದು, ಜೋಕಾಲಿ ಆಡಿ ಮುಗಿದ ಮೇಲೆ ಅಕ್ಕತಂಗಿಯರೆಲ್ಲ ಸೇರಿ ಒಂದು ದಿನ ಹೊರಡುವುದುಂಟು. ಸುಗ್ಗಿ ಮುಗಿದ ಮೇಲೆ ಇಡೀ ಮನೆತನ ಟ್ರ್ಯಾಕ್ಸಿನಲ್ಲಿ ಬರುತ್ತದೆ. ಶಿಶುನಾಳದ ಶರೀಫಜ್ಜನ ಗದ್ದುಗೆ, ಕನಕದಾಸರ ಬಾಡ, ಕಾಗಿನೆಲೆಗೆ ಹೊರಟವರು ದಾರಿಯಲ್ಲಿ ಇದನ್ನೂ ಸೇರಿಸಿಕೊಳ್ಳುತ್ತಾರೆ. ಇವರ ಬುತ್ತಿ ದೊಡ್ಡದು, ಅವಸರ ಕಡಿಮೆ.

ಶಾಲೆಯ ಬಸ್ಸುಗಳದ್ದು ನವೆಂಬರಿನಿಂದ ಜನವರಿವರೆಗಿನ ಹಂಗಾಮು. ಹುಬ್ಬಳ್ಳಿ-ಧಾರವಾಡದ ಕಾರುಗಳದ್ದು ಭಾನುವಾರ. ಮದುವೆಗೆ ಮುಂಚಿನ ಫೋಟೊ ತೆಗೆಸುವ ಜೋಡಿಗಳು ಬೆಳಗಿನ ಎಳೆಬಿಸಿಲು ಹುಡುಕಿಕೊಂಡು ಬಂದರೆ, ಡಾ. ರಾಜಕುಮಾರ್ ಪಾತ್ರಗಳ ಮೂರ್ತಿಗಳ ಮುಂದೆ ನಡುವಯಸ್ಸಿನ ಅಭಿಮಾನಿಗಳು ಹೊತ್ತಿನ ಪರಿವೆ ಇಲ್ಲದೆ ನಿಲ್ಲುತ್ತಾರೆ. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು ಹೆಣ್ಣುಮಕ್ಕಳು ತಾವೇ ಗುಂಪು ಕಟ್ಟಿಕೊಂಡು ಹೊರಡುವುದು ಸುಲಭವಾಯಿತು. ಇಂಥ ತಾಣಗಳಿಗೆ ಇದೇ ದೊಡ್ಡ ಬದಲಾವಣೆ ಎನ್ನಬೇಕು.

ಇಷ್ಟು ಬಗೆಯ ಜನರಲ್ಲಿ ಉದ್ಯಾನಕ್ಕೆ ನಿಜವಾದ ಜೀವ ತುಂಬುವವರು ವಯಸ್ಸಾದವರು. ಬಿತ್ತನೆಯ ಸಲಕರಣೆ ಕಂಡ ಕಡೆ ಅಜ್ಜನೊಬ್ಬ ನಿಂತರೆ ನೋಡಿ. ಮೊಮ್ಮಗ "ಅಜ್ಜಾ, ಇದೇನು?" ಅಂತಾನೆ. "ಕೂರಿಗಿ ಐತಲೇ ತಮ್ಮಾ, ಬಿತ್ತೂದು" ಅಂತ ಅಜ್ಜ ಶುರು ಮಾಡುತ್ತಾನೆ. ಮೇಲಿನ ಬಟ್ಟಲಿಗೆ ಬಿದ್ದ ಕಾಳು ಕೊಳವೆಗಳಲ್ಲಿ ಪಾಲಾಗಿ, ದಿಂಡು ಅನ್ನುವ ಅಡ್ಡಮರಕ್ಕೆ ಹೂಡಿದ, ನೆಲ ಸೀಳುವ ತಾಳುಗಳ ಹಿಂದೆ ಸಾಲಿಗೆ ಇಳಿಯುವುದನ್ನು ಬೆರಳಿಟ್ಟು ತೋರಿಸುತ್ತಾನೆ. ಎತ್ತು ಹೊಡೆಯುವವನ ಕೆಲಸಕ್ಕಿಂತ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿಗೆ ಕಾಳು ಬಿಡುವ ಹೆಣ್ಣುಮಗಳ ಕೈ ಮುಖ್ಯ. ಮುಷ್ಟಿ ಸಡಿಲಾದರೆ ಬೆಳೆ ಒತ್ತಾಗುತ್ತದೆ, ಬಿಗಿಯಾದರೆ ಸಾಲಿನಲ್ಲಿ ಖಾಲಿ ಬೀಳುತ್ತದೆ. ಇದನ್ನು ಯಾವ ಫಲಕವೂ ಹೇಳುವುದಿಲ್ಲ. ಪಕ್ಕದಲ್ಲಿ ನಿಂತ ಪೇಟೆಯ ಕುಟುಂಬವೂ ಮೊಬೈಲು ಕೆಳಗಿಳಿಸಿ ಕೇಳತೊಡಗುತ್ತದೆ. ಹಾಗಾಗಿ ಇಲ್ಲಿಗೆ ಬರುವಾಗ ಹಿರಿಯರೊಬ್ಬರನ್ನು ಕರೆತನ್ನಿ. ಬೇರೆ ಗೈಡ್ ಬೇಕಾಗಿಲ್ಲ. ಇಂಥ ಉದ್ಯಾನ ನಡೆಸುವವರಿಗೂ ಒಂದು ಮಾತು: ಕಲ್ಲಿನ ಕಟ್ಟೆಗಳನ್ನು ದಾರಿಯ ಕೊನೆಯಲ್ಲಿ ಹಾಕಿದರೆ ಸಾಲದು. ಅಜ್ಜ-ಅಜ್ಜಿಯರು ಮಾತಿಗೆ ನಿಲ್ಲುವ ಜಾಗದಲ್ಲೇ, ಮರದ ನೆರಳಲ್ಲಿ ಹಾಕಬೇಕು. ಮೊಳಕಾಲು ನೋವಿನವರು ಇಪ್ಪತ್ತು ನಿಮಿಷಕ್ಕೊಮ್ಮೆ ಕೂರುವಂತಿದ್ದರೆ ಎರಡು ತಾಸು ನಿರಾಳವಾಗಿ ತಿರುಗಾಡುತ್ತಾರೆ.

ಈ ವಾತಾವರಣ ಕೆಡುವುದು ಹೇಗೆ? ಹೆಚ್ಚಾಗಿ ಒಂದೇ ಹೊತ್ತಿಗೆ ನಾಲ್ಕು ಶಾಲಾ ಬಸ್ಸು ಬಂದಾಗ. ಒಂದು ಬಸ್ಸಿಗೆ 50 ಮಕ್ಕಳು ಅಂದರೆ 200. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಡೆಸಿದರೆ ಹಿಂದಿನವರಿಗೆ ಕಾಣುವುದು ಮುಂದಿನವರ ಚೀಲ ಮಾತ್ರ. ಮೇಷ್ಟ್ರ ಸೀಟಿಯ ಸದ್ದಿಗೆ ಉಳಿದವರ ಮಾತೂ ನಿಲ್ಲುತ್ತದೆ. ಶಿಕ್ಷಕರೇ, ಹನ್ನೆರಡು ಮಕ್ಕಳಿಗೆ ಒಬ್ಬರಂತೆ ಗುಂಪು ಮಾಡಿ, ಒಂದು ಗುಂಪು ಬಾಗಿಲಿನಿಂದ, ಇನ್ನೊಂದು ಆ ತುದಿಯಿಂದ ಶುರು ಮಾಡಲಿ. ಶೌಚಾಲಯದ ಲೆಕ್ಕವನ್ನು ಮೊದಲೇ ಹಾಕಿ. ಬಸ್ಸಿನಲ್ಲಿ 25 ಹೆಣ್ಣುಮಕ್ಕಳಿದ್ದು, ತಲಾ ಎರಡು ನಿಮಿಷ ಹಿಡಿದರೆ, ಎರಡು ಕೋಣೆಗಳಿದ್ದ ಕಡೆ 26 ನಿಮಿಷ ಬೇಕು. ಊಟಕ್ಕೆ ಮುಂಚೆ ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಊಟವೇ ತಡವಾಗುತ್ತದೆ. ಗುಂಪು ಗುಂಪಾಗಿ ಕಳಿಸಿ. ಮತ್ತೊಂದು, ಹಾಳೆ ಪೆನ್ನು ಕೊಟ್ಟು "ಎಲ್ಲಾ ಬರೀರಿ" ಅನ್ನುವ ಪದ್ಧತಿ ಬಿಡಿ. ಮಕ್ಕಳು ಮೂರ್ತಿ ನೋಡುವುದನ್ನು ಬಿಟ್ಟು ಫಲಕ ನಕಲು ಮಾಡುತ್ತವೆ. ಮೂರೇ ವಸ್ತು ಆರಿಸಿ, ಮನೆಯಲ್ಲಿ ಅವುಗಳ ಹೆಸರು ಕೇಳಿಕೊಂಡು ಬರಲು ಹೇಳಿ.

ಇನ್ನು ಮೂರ್ತಿ ಹತ್ತುವ ಚಟ. ಸಿಮೆಂಟು ಮೂರ್ತಿಯ ಒಳಗೆ ಕಬ್ಬಿಣದ ಸರಳಿನ ಹಂದರ, ಅದರ ಮೇಲೆ ಜಾಳಿಗೆ, ಮೇಲೆ ಒಂದು ಪಾಲು ಸಿಮೆಂಟಿಗೆ ಸುಮಾರು ಮೂರು ಪಾಲು ಉಸುಕಿನ ಗಾರೆ. ಪದರ ಪದರವಾಗಿ ಮೆತ್ತಿ, ಕನಿಷ್ಠ ಒಂದು ವಾರ ನೀರುಣಿಸಿ, ಒಣಗಿದ ಮೇಲೆ ಬಣ್ಣ ಹಚ್ಚುವುದು ಸಾಮಾನ್ಯ ಕ್ರಮ. ನೋಡಲು ಬಂಡೆಯಂತಿದ್ದರೂ ಬೆರಳು, ಕಿವಿ, ಎತ್ತಿನ ಕೋಡುಗಳಲ್ಲಿ ತೆಳ್ಳನೆಯ ತಂತಿಯ ಮೇಲೆ ತೆಳ್ಳನೆಯ ಗಾರೆ ಅಷ್ಟೆ. ಮಗು ಕೋಡಿಗೆ ಜೋತುಬಿದ್ದಾಗ ಅವತ್ತೇ ಮುರಿಯುವುದಿಲ್ಲ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಅಲ್ಲಿಂದ ನೀರಿಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಒಳಗಿನಿಂದಲೇ ಗಾರೆಯನ್ನು ಒದ್ದು ಸಿಡಿಸುತ್ತದೆ. ಮೇಲೆ ಬರೀ ಬಣ್ಣ ಬಳಿದರೆ ಬಿರುಕು ಮುಚ್ಚುತ್ತದೆ, ತುಕ್ಕು ಬೆಳೆಯುತ್ತಲೇ ಇರುತ್ತದೆ. ಸಡಿಲ ಗಾರೆ ಕೆತ್ತಿ, ತುಕ್ಕು ತಿಕ್ಕಿ, ತುಕ್ಕುನಿರೋಧಕ ಹಚ್ಚಿ ಮತ್ತೆ ಮೆತ್ತಬೇಕು. "ಮುಟ್ಟಬೇಡಿ" ಎಂಬ ಬೋರ್ಡಿಗೆ ಹುಡುಗರು ಜಗ್ಗುವುದಿಲ್ಲ, ಈ ಕಾರಣ ಹೇಳಿದರೆ ಕೇಳುತ್ತಾರೆ. ಫೋಟೊಕ್ಕೆ ನಿಲ್ಲುವವರು ಮೂರ್ತಿಯಿಂದ ಗೇಣು ದೂರ ನಿಂತರೂ ಚಿತ್ರದಲ್ಲಿ ಒಟ್ಟಿಗೇ ಕಾಣುತ್ತೀರಿ.

ಹವೆಯ ಮಾತು ಬೇಗ ಮುಗಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬಯಲಲ್ಲಿ ತಿರುಗುವುದು ಬೇಡ. ಬೆಳಗ್ಗೆ ಗೇಟು ತೆಗೆದ ಕೂಡಲೇ ಹೋಗಿ. ಜುಲೈ, ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಹಸಿರು ಚೆಂದ, ಆದರೆ ಹಾದಿಯ ಕಲ್ಲು ಜಾರುತ್ತವೆ. ಸವೆದ ಚಪ್ಪಲಿ ಹಾಕಿಕೊಳ್ಳಬೇಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಒಳ್ಳೆಯವು. ಮೊಸರನ್ನ ಕಟ್ಟಿಕೊಂಡರೆ ಬಿಸಿಲಿಗೆ ಹುಳಿ ಬರುವ ಮುಂಚೆ ತಿಂದುಬಿಡಿ. ಒಬ್ಬರಿಗೆ ಎರಡು ಲೀಟರ್ ನೀರು ಇರಲಿ. ತಿನ್ನಲು ಒಳಗೆ ಬಿಡುತ್ತಾರೋ ಇಲ್ಲವೋ ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ.

ಜನ ಎಲ್ಲ ಬಗೆಯವರಿರಬೇಕು, ನೂಕುನುಗ್ಗಲು ಬೇಡ ಎನ್ನುವವರು ಹಬ್ಬದ ಮರುದಿನ ಅಥವಾ ಎರಡನೇ ಶನಿವಾರ ಬೆಳಗ್ಗೆ ಹೋಗಿ. ಹಳ್ಳಿಯವರೂ ಪೇಟೆಯವರೂ ಇರುತ್ತಾರೆ, ಭಾನುವಾರದ ಮಧ್ಯಾಹ್ನದ ಗದ್ದಲ ಇರುವುದಿಲ್ಲ.

ಬಸ್ಸಿಗೆ ಬರುವವರು ಹುಬ್ಬಳ್ಳಿಯಲ್ಲಿ ಹತ್ತುವ ಮುಂಚೆ ಕಂಡಕ್ಟರನ್ನು "ಗೊಟಗೋಡಿಗೆ ನಿಲ್ಸ್ತೀರೇನ್ರೀ?" ಎಂದು ಕೇಳಿ. ದೂರದ ಎಕ್ಸ್‌ಪ್ರೆಸ್ ನಿಲ್ಲದಿದ್ದರೆ ಶಿಗ್ಗಾವಿಯಲ್ಲಿ ಇಳಿದು ಆಟೊ ಹಿಡಿಯಬೇಕು. ಹುಬ್ಬಳ್ಳಿ ಕಡೆಗೆ ಮರಳುವ ಬಸ್ಸು ಹೆದ್ದಾರಿಯ ಆಚೆ ಬದಿಗೆ. ನಡುವಿನ ಕಟ್ಟೆ ಹಾರಿ ದಾಟುವ ಧೈರ್ಯ ಮಾಡಬೇಡಿ, ದಾಟಲು ಬಿಟ್ಟಿರುವ ಹಾದಿಯಲ್ಲೇ ದಾಟಿ. ಕತ್ತಲಾದ ಮೇಲೆ ಕೈ ಮಾಡಿದರೆ ಬಸ್ಸು ನಿಲ್ಲುವುದು ಅನುಮಾನ. ಮಕ್ಕಳು, ಮುದುಕರು ಜೊತೆಗಿದ್ದರೆ ಸಂಜೆ ಐದಕ್ಕೇ ಹೊರಬೀಳಿ.

ನಮಸ್ಕಾರ.