ಐಸ್ ಬೇಡ, ಹಣ್ಣನ್ನೇ ಗಟ್ಟಿ ಮಾಡಿ

ಕೇಳುಗರಿಗೆ ನಮಸ್ಕಾರ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ದಾಟಿತೆಂದರೆ ಮಕ್ಕಳು ಮನೆಗೆ ಬಂದವರೇ ಕೇಳುವುದು ತಣ್ಣಗಿನದ್ದನ್ನು. ಮೊಸರು, ಹಣ್ಣು, ಮಿಕ್ಸಿ ಇದ್ದರೆ ಸ್ಮೂದಿ ಆಗುತ್ತದೆ. ಐಸ್ ಮಾತ್ರ ಹಾಕಬೇಡಿ. ನಾಲ್ಕೈದು ತುಂಡು ಐಸ್ ಕರಗಿದರೆ ಅರ್ಧ ಲೋಟ ನೀರು. ಗಟ್ಟಿ ಮೊಸರು ಹಾಕಿಯೂ ಕೊನೆಗೆ ಸಿಗುವುದು ಮಜ್ಜಿಗೆಯೇ. ತಂಪು ಹಣ್ಣಿನಿಂದಲೇ ಬರಬೇಕು.

ಕೊಪ್ಪಳದ ಕೇಸರ್ ಮಾವು, ಚುಕ್ಕೆ ಬಿದ್ದ ಬಾಳೆಹಣ್ಣು, ಪೇರಲ, ಯಾವುದಾದರೂ ಸರಿ. ಸಿಪ್ಪೆ ತೆಗೆದು ಒಂದು ಇಂಚಿನ ಹೋಳು ಮಾಡಿ. ಬಾಳೆಹಣ್ಣನ್ನು ಸಿಪ್ಪೆ ಸಮೇತ ಫ್ರೀಜರಿಗೆ ಹಾಕಿದರೆ ಸಿಪ್ಪೆ ಕಪ್ಪಾಗಿ ಹಣ್ಣಿಗೇ ಅಂಟುತ್ತದೆ. ಹೋಳುಗಳನ್ನು ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ. ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ.

ಹರಡುವುದು ಯಾಕೆ? 1912ರ ನಂತರದ ವರ್ಷಗಳಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು ಈಗ ಕೆನಡಾಕ್ಕೆ ಸೇರಿದ ಲ್ಯಾಬ್ರಡಾರಿನಲ್ಲಿದ್ದ. ಅಲ್ಲಿನ ಇನ್ಯುಯಿಟ್ ಜನ ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು ಮೀನು ಹಿಡಿಯುತ್ತಿದ್ದರು. ಅಲ್ಲಿನ ಕೊರೆಯುವ ಚಳಿಗಾಳಿಗೆ ಮೀನು ಹೊರಗೆ ಬಂದ ಕೂಡಲೇ ಕಲ್ಲಾಗುತ್ತಿತ್ತು. ತಿಂಗಳುಗಳ ಮೇಲೆ ಬೇಯಿಸಿದರೂ ಈಗಷ್ಟೇ ಹಿಡಿದ ಮೀನಿನ ರುಚಿ! ಬೇಗ ಹೆಪ್ಪುಗಟ್ಟಿದರೆ ಒಳಗಿನ ನೀರು ಸಣ್ಣ ಸಣ್ಣ ಹರಳಾಗುತ್ತದೆ. ನಿಧಾನವಾದರೆ ದಪ್ಪ ಹರಳು ಬೆಳೆದು ಹಣ್ಣಿನ ಎಳೆಗಳನ್ನೆಲ್ಲ ಹರಿದುಬಿಡುತ್ತದೆ, ರಸ ಸೋರಿಹೋಗುತ್ತದೆ. ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು 1920ರ ದಶಕದಲ್ಲಿ ಎರಡು ತಣ್ಣನೆಯ ಲೋಹದ ಹಲಗೆಗಳ ನಡುವೆ ಆಹಾರ ಒತ್ತಿ ಹೆಪ್ಪುಗಟ್ಟಿಸುವ ಯಂತ್ರವನ್ನೇ ಮಾಡಿದ. ನಮ್ಮ ಮನೆಯ ಫ್ರೀಜರಿಗೆ ಅಷ್ಟು ಕಸುವಿಲ್ಲ. ಆದ್ದರಿಂದಲೇ ಸಣ್ಣ ಹೋಳು, ತೆಳ್ಳಗೆ ಹರಡಿದ ತಟ್ಟೆ. ಒಂದೇ ಚೀಲಕ್ಕೆ ತುರುಕಿದರೆ ಇಟ್ಟಿಗೆಯಾಗುತ್ತದೆ, ಮಿಕ್ಸಿಗೆ ಬಗ್ಗುವುದಿಲ್ಲ.

ಎರಡು ಲೋಟಕ್ಕೆ ಅರ್ಧ ಬಟ್ಟಲು ಹಾಲು, ಒಂದು ಬಟ್ಟಲು ಮೊಸರು, ಎರಡು ಬಟ್ಟಲು ಹೆಪ್ಪುಗಟ್ಟಿದ ಹಣ್ಣು. ಜಾರಿಗೆ ಹಾಕುವುದೂ ಇದೇ ಕ್ರಮದಲ್ಲಿ: ಹಾಲು ತಳಕ್ಕೆ, ಹಣ್ಣು ಮೇಲೆ. ಹಣ್ಣು ತಳಕ್ಕೆ ಹೋದರೆ ಬ್ಲೇಡು ಸಿಕ್ಕಿಕೊಂಡು ಮೋಟಾರು ಬಿಸಿಯಾಗಿ ನಿಂತುಹೋಗುತ್ತದೆ. ಹಾಗಾದರೆ ಪ್ಲಗ್ ತೆಗೆದು, ತಣಿಯಲು ಬಿಟ್ಟು, ಮಿಕ್ಸಿಯ ಅಡಿಯ ಕೆಂಪು ಗುಂಡಿ ಒತ್ತಿ. ಹಣ್ಣನ್ನು ಐದು ನಿಮಿಷ ಹೊರಗಿಟ್ಟು, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಈ ತಾಪತ್ರಯವೇ ಇಲ್ಲ. ತಿರುಗುತ್ತಿಲ್ಲವೆಂದು ಐಸ್ ನೀರು ಸುರಿಯಬೇಡಿ, ಎರಡು ಚಮಚ ಹಾಲು ಸಾಕು. ನಮ್ಮ ಬೇಸಿಗೆಯಲ್ಲಿ ಮೊಸರು ಬೇಗ ಹುಳಿಯುತ್ತದೆ. ಹೆಪ್ಪಾದ ಕೂಡಲೇ ಫ್ರಿಜ್ಜಿಗೆ ಇಡಿ.

ಅನಾನಸ್ ಮಾತ್ರ ಅಂಗಡಿಯ ತಗಡಿನ ಡಬ್ಬಿಯದ್ದೇ ಒಳ್ಳೆಯದು. ಹಸಿ ಅನಾನಸ್ಸಿನಲ್ಲಿರುವ ಬ್ರೋಮಲೇನ್ ಎಂಬ ಕಿಣ್ವ ಮೊಸರಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಫ್ರೀಜರಿಗೂ ಅದು ಸಾಯುವುದಿಲ್ಲ, ಡಬ್ಬಿ ಕಟ್ಟುವಾಗಿನ ಶಾಖಕ್ಕೆ ಸಾಯುತ್ತದೆ. ಡಬ್ಬಿಯ ಪಾಕ ಸೋಸಿ, ಸಕ್ಕರೆ ಹಾಕಲೇಬೇಡಿ. ಆ ಹೋಳುಗಳನ್ನೂ ತಟ್ಟೆಯಲ್ಲಿ ಹರಡಿ ಗಟ್ಟಿ ಮಾಡಿ. ಮಿಕ್ಕಿದ್ದನ್ನು ತಗಡಿನಲ್ಲಿಡದೆ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಉಬ್ಬಿದ ಡಬ್ಬಿ ತೆರೆಯದೆ ಎಸೆಯಿರಿ.

ದಾಳಿಂಬೆಯನ್ನು ಅರೆದ ಮೇಲೆ ಸೋಸಿ, ಬೀಜ ಒಗರು. ಕರೆಂಟು ಹೋಗಿ ಹಣ್ಣು ಪೂರ್ತಿ ಕರಗಿದ್ದರೆ ಮತ್ತೆ ಫ್ರೀಜರಿಗೆ ಇಡಬೇಡಿ. ತಣ್ಣಗಿರುವಾಗಲೇ ಮೊಸರಿನ ಜೊತೆ ಅರೆದು ಕುಡಿಯಿರಿ, ಆಗಲೂ ಐಸ್ ಹಾಕದೆ. ನಮಸ್ಕಾರ.